ಹಳೆ ಗೋವಾದ ಬಾಮ್ ಜೀಸಸ್ ಚರ್ಚ್: ಕೆಂಪು ಗೋಡೆಗೆ ಮತ್ತೆ ಗಾರೆ ಬೇಕಾ?

ವಾಸ್ಕೋ_ವಾಸಿ:
ಗೋವಾ ಕನ್ನಡಿಗರಿಗೆ ನಮಸ್ಕಾರ. ತಿಳಿದವರು ಹೇಳಿ. ಗದಗಿನಿಂದ ನೆಂಟರು ಬಂದಿದ್ದರು, ಹಳೆ ಗೋವಾ ತೋರಿಸಲು ಕರೆದುಕೊಂಡು ಹೋಗಿದ್ದೆ. ರಸ್ತೆಯ ಒಂದು ಕಡೆ ಸೇ ಕೆಥೆಡ್ರಲ್, ಅದರ ಪಕ್ಕ ಅಸಿಸಿಯ ಸಂತ ಫ್ರಾನ್ಸಿಸರ ಚರ್ಚ್. ಎರಡೂ ಬೆಳ್ಳಗಿವೆ. ಇನ್ನೊಂದು ಕಡೆ ಬಾಮ್ ಜೀಸಸ್. ಅದು ಮಾತ್ರ ಮೇಲಿಂದ ಕೆಳಗೆ ಬರೀ ಕೆಂಪು ಕಲ್ಲು. ಸಂತ ಫ್ರಾನ್ಸಿಸ್ ಝೇವಿಯರರ ದೇಹ ಇಟ್ಟಿರುವುದು ಅಲ್ಲೇ. ಇಷ್ಟು ದೊಡ್ಡ ಹೆಸರಿನ ಚರ್ಚಿಗೆ ಒಂದು ಕೈ ಸುಣ್ಣ ಇಲ್ವಾ ಅಂತ ನಮ್ಮ ಮಾವ ಕೇಳಿದರು. ಪಕ್ಕದಲ್ಲಿದ್ದ ಯಾರೋ "ಮೊದಲು ಗಾರೆ ಇತ್ತು, ಆಮೇಲೆ ಕೆರೆದು ತೆಗೆದರು, ಈಗ ಮತ್ತೆ ಬಳಿಯಬೇಕು ಅಂತಿದ್ದಾರೆ" ಅಂದರು. ಇದು ನಿಜವಾ? ನನಗಂತೂ ಆ ಕೆಂಪೇ ಚಂದ. ಬಿಳಿ ಬಳಿದರೆ ಹತ್ತರ ಜೊತೆ ಹನ್ನೊಂದು ಆಗಿಬಿಡುತ್ತದೆ.

ಪಣಜಿ_ಗೈಡ್:
ನಿಜ ಅಣ್ಣಾ. ಹಳೆ ಫೋಟೋಗಳಲ್ಲಿ ಈ ಚರ್ಚ್ ಬೆಳ್ಳಗೇ ಇದೆ. ನಾನು ಪ್ರವಾಸಿಗರಿಗೆ ಇದನ್ನು ಹೇಳಿದರೆ ಅರ್ಧ ಜನ ನಂಬುವುದೇ ಇಲ್ಲ.

ಕಥೆ ಹೀಗಿದೆ. ಜೆಸ್ವಿಟರು, ಅಂದರೆ ಝೇವಿಯರರ ಪಂಗಡದ ಕ್ಯಾಥೊಲಿಕ್ ಪಾದ್ರಿಗಳು, ಕಟ್ಟಡ ಶುರು ಮಾಡಿದ್ದು 1594ರಲ್ಲಿ. 1605ರ ಮೇ ತಿಂಗಳಲ್ಲಿ ಆರ್ಚ್‌ಬಿಷಪ್ ಅಲೆಶೋ ದ ಮೆನೇಜಸ್ ಅದನ್ನು ಪ್ರತಿಷ್ಠೆ ಮಾಡಿದರು. ಪಕ್ಕದಲ್ಲಿ ಅಂಟಿಕೊಂಡಿರುವ ಮಠದ ಕಟ್ಟಡ ಚರ್ಚಿಗಿಂತ ಹಳೆಯದು, 1585ರದ್ದು. 1663ರಲ್ಲಿ ಅದಕ್ಕೆ ಬೆಂಕಿ ಬಿದ್ದು, ಪೂರ್ತಿ ಸರಿಯಾಗಿದ್ದು 1783ರಲ್ಲಿ. ಅಷ್ಟರೊಳಗೆ ಜೆಸ್ವಿಟರನ್ನೇ ಹೊರಗೆ ಹಾಕಿದ್ದರು, 1759ರಲ್ಲಿ. ಉತ್ತರದ ಗೋಡೆಗೆ ಆನಿಸಿದ ಹಾಗೆ ದೊಡ್ಡ ದೊಡ್ಡ ಊರೆಗಳಿವೆ ನೋಡಿ, ಎಲ್ಲರೂ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವು ಮೂಲದವಲ್ಲ. 1862ರಲ್ಲಿ ಕಟ್ಟಿದ್ದು. ಅಂದರೆ ಆಗಲೇ ಗೋಡೆಯ ಬಗ್ಗೆ ಭಯ ಇತ್ತು ಅಂತಾಯ್ತು.

ಗಾರೆ ಹೋಗಿದ್ದು 1950ರ ದಶಕದ ಆರಂಭದಲ್ಲಿ. ಸಂತರು ತೀರಿಕೊಂಡಿದ್ದು 1552ರ ಡಿಸೆಂಬರ್ 3ರಂದು, ಚೀನಾದ ತೀರದ ಒಂದು ದ್ವೀಪದಲ್ಲಿ. 1952ಕ್ಕೆ 400 ವರ್ಷ. ಸಂತರ ದೇಹವನ್ನು ಜನರಿಗೆ ತೋರಿಸುವ ಆ ದೊಡ್ಡ ದರ್ಶನಕ್ಕೆ ಹಳೆ ಗೋವಾವನ್ನು ಸಿದ್ಧ ಮಾಡಲು ಪೋರ್ಚುಗಲ್‌ನಿಂದ ಬಾಲ್ತಜಾರ್ ಕಾಸ್ತ್ರೊ ಎಂಬ ಆರ್ಕಿಟೆಕ್ಟ್ ಬಂದರು. ಅಲ್ಲಿ ಸರ್ಕಾರಿ ಸ್ಮಾರಕಗಳ ಕೆಲಸದಲ್ಲಿದ್ದವರು. ಅವರ ಕಾಲದಲ್ಲೇ ಹೊರಗಿನ ಗಾರೆ ಕೆರೆದು ಕಲ್ಲು ಬಿಚ್ಚಿಟ್ಟಿದ್ದು. ಹಾಗಾಗಿ ನಾವು "400 ವರ್ಷದ ಹಳೆ ಮುಖ" ಅಂದುಕೊಂಡಿರುವುದು ನಮ್ಮ ಅಜ್ಜಂದಿರ ಕಾಲದ್ದು.

ವಾಸ್ಕೋ_ವಾಸಿ:
ಅಯ್ಯೋ. ದುಡ್ಡು ಕೊಟ್ಟು ಯಾಕೆ ಕೆರೆಸಿದರು?

ಮಡಗಾಂವ್_ಮೇಷ್ಟ್ರು:
ಆಗ ಪೋರ್ಚುಗಲ್‌ನಲ್ಲಿ ಸರ್ವಾಧಿಕಾರಿ ಸಲಾಜಾರ್ ಆಳ್ವಿಕೆ. ಆ ಸರ್ಕಾರಕ್ಕೆ ಹಳೆ ಕೋಟೆ, ಹಳೆ ಚರ್ಚು ಅಂದರೆ ತಮ್ಮ ವೈಭವದ ಸಾಕ್ಷಿ. ಅವರ ದೇಶದಲ್ಲೂ ಇದೇ ನಡೆದಿತ್ತು. ಆಮೇಲಿನವರು ಸೇರಿಸಿದ್ದನ್ನೆಲ್ಲ ತೆಗೆದುಹಾಕಿ, ಗಾರೆ ಉದುರಿಸಿ, ಕಲ್ಲು ಕಾಣುವ ಹಾಗೆ ಮಾಡುವುದು. ಕಲ್ಲು ಕಂಡರೆ ಹಳೆಯದಾಗಿ ಕಾಣುತ್ತದೆ ಅನ್ನುವ ಲೆಕ್ಕ.

ಇನ್ನೊಂದು ಮಾತು. 1947ರಲ್ಲಿ ಭಾರತಕ್ಕೆ ಸ್ವಾತಂತ್ರ್ಯ ಬಂದಿತ್ತು, ಗೋವಾ ಬಿಡಿ ಅಂತ ದೆಹಲಿ ಕೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಜಗತ್ತಿನ ಕಣ್ಣು ಹಳೆ ಗೋವಾದ ಮೇಲೆ ಬೀಳುವ ದೊಡ್ಡ ಸಮಾರಂಭ. "ನಾವು ಇಲ್ಲಿ ನಿನ್ನೆ ಮೊನ್ನೆ ಬಂದವರಲ್ಲ" ಅಂತ ತೋರಿಸಬೇಕಿತ್ತು. ಗೋಡೆ ಕೆರೆಸಿದ್ದರಲ್ಲಿ ಇದರ ಪಾಲೂ ಇದೆ ಅನ್ನುವುದು ನನ್ನ ಅಭಿಪ್ರಾಯ. ಹತ್ತು ವರ್ಷ ತುಂಬುವ ಮೊದಲೇ, 1961ರ ಡಿಸೆಂಬರ್‌ನಲ್ಲಿ, ಅವರು ಹೋದರು. ಗೋಡೆ ಹಾಗೇ ಉಳಿಯಿತು.

ಕಾರವಾರದ_ಕಡೆಯವ:
ಕಲ್ಲಿನ ವಿಷಯ ಯಾರೂ ಹೇಳಲಿಲ್ಲ. ಇದು ನಮ್ಮ ಚಿರೆಕಲ್ಲು, ಮಂಗಳೂರಿನವರ ಕೆಂಪುಕಲ್ಲು, ಮುರಕಲ್ಲು. ಗೋವಾದಲ್ಲೂ ನಮ್ಮಲ್ಲೂ ಮನೆ ಕಟ್ಟುವುದು ಇದರಲ್ಲೇ. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮೇಲೆ ಮೈಸೂರು, ಕೆನರಾ, ಮಲಬಾರು ಸುತ್ತಿ 1807ರಲ್ಲಿ ವರದಿ ಪ್ರಕಟಿಸಿದರಲ್ಲ, ಅವರೇ. ಮಲಬಾರಿನ ಅಂಗಾಡಿಪುರಂ ಬಳಿ ಇದನ್ನು ನೋಡಿ ಬರೆದರು. ನೆಲದಲ್ಲಿದ್ದಾಗ ಕಬ್ಬಿಣದ ಸಲಕರಣೆಯಿಂದ ಸುಲಭವಾಗಿ ಕತ್ತರಿಸಬಹುದು, ಗಾಳಿಗೆ ಬಂದ ಮೇಲೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ ಅಂತ ಆಗಲೇ ಗಮನಿಸಿದ್ದರು.

ಈ "ಗಾಳಿಗೆ ಗಟ್ಟಿಯಾಗುತ್ತದೆ" ಅನ್ನುವುದನ್ನೇ ಹಿಡಿದುಕೊಂಡು ಗಾರೆ ಬೇಡ ಅನ್ನುವವರಿದ್ದಾರೆ. ಆದರೆ ಕಲ್ಲಿನ ಒಳಗೆ ಏನಿದೆ ನೋಡಿ. ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡಿನ ಒಂದು ಜಾಲ. ಅದರ ಸಂದುಗಳಲ್ಲಿ ಹಳದಿ, ಬಿಳಿ ಜೇಡಿ. ಜಾಲ ಗಟ್ಟಿ, ಜೇಡಿ ಮೆತ್ತಗೆ. ಮಳೆ ಹೊಡೆದಂತೆ ಜೇಡಿ ತೊಳೆದು ಹೋಗುತ್ತದೆ, ತೂತು ದೊಡ್ಡದಾಗುತ್ತದೆ, ಇನ್ನಷ್ಟು ನೀರು ಒಳಗೆ ಹೋಗುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ಚರ್ಚಿನ ಮುಖ ಇರುವುದು ಪಶ್ಚಿಮಕ್ಕೆ. ಮುಂಗಾರು ಬರುವುದು ನೈಋತ್ಯದಿಂದ. ನೇರವಾಗಿ ಮುಖಕ್ಕೇ ಏಟು.

ಅಗ್ವಾದ_ಹತ್ತಿರ:
ಹಾಗಾದರೆ ಅಗ್ವಾದ ಕೋಟೆ? ಅದೂ ಕೆಂಪು ಕಲ್ಲೇ, 1612ರದ್ದು. ಸಮುದ್ರದ ಉಪ್ಪು ಗಾಳಿ ತಿಂದುಕೊಂಡು ನಿಂತಿದೆ. ಸುಮ್ನೆ ಹೆದರಿಸ್ತಿದ್ದೀರಿ.

ಕಾರವಾರದ_ಕಡೆಯವ:
ಕೋಟೆಯ ಗೋಡೆ ಎಷ್ಟು ದಪ್ಪ ಇದೆ ಅಂತ ನೋಡಿದ್ದೀರಲ್ಲ. ಹೊರಗಿನ ನಾಲ್ಕು ಇಂಚು ಸವೆದರೆ ಯಾರಿಗೂ ಗೊತ್ತಾಗಲ್ಲ. ಅದರ ಒಳಗೆ ಚಿನ್ನದ ಲೇಪದ ಮರದ ಪೀಠಗಳೂ ಇಲ್ಲ, ಚಿತ್ರಗಳೂ ಇಲ್ಲ. ಕೋಟೆ ಸೋರಿದರೆ ಸೋರಲಿ. ಇಲ್ಲಿ ಗೋಡೆ ನೀರು ಕುಡಿದರೆ ಅದು ಒಳಗಿನ ಮರಕ್ಕೆ ಹೋಗುತ್ತದೆ.

ವಸಯಿ_ಕನ್ನಡಿಗ:
ಮುಂಬಯಿ ಕಡೆಯಿಂದ ಒಂದು ಮಾತು. ಆ ಮುಂಭಾಗದಲ್ಲಿ ಕೆತ್ತನೆ ಇರುವ ಕಲ್ಲುಗಳೆಲ್ಲ ಲ್ಯಾಟರೈಟ್ ಅಲ್ಲ. ಕಂಬ, ಬಾಗಿಲ ಚೌಕಟ್ಟು, ಮೇಲೆ ಯೇಸುವಿನ ಹೆಸರಿನ ಮೂರು ಅಕ್ಷರ ಕೆತ್ತಿದ ಫಲಕ, ಇವು ಕರಿಗಲ್ಲು, ಬಸಾಲ್ಟ್. ನಮ್ಮ ವಸಯಿಯಿಂದ ಹಡಗಿನಲ್ಲಿ ಹೋದದ್ದು. 1534ರಿಂದ 1739ರವರೆಗೆ ವಸಯಿ ಪೋರ್ಚುಗೀಸರ ಕೈಯಲ್ಲಿತ್ತು, ಆಮೇಲೆ ಚಿಮಾಜಿ ಅಪ್ಪ ಗೆದ್ದರು. ಇಲ್ಲಿನ ಕೋಟೆಯೊಳಗೆ ಚಾವಣಿ ಇಲ್ಲದ ಚರ್ಚುಗಳು ಈಗಲೂ ನಿಂತಿವೆ.

ಮುಂದಿನ ಸಲ ಹೋದಾಗ ಕೆತ್ತನೆಯನ್ನೂ ಪಕ್ಕದ ಕೆಂಪು ಕಲ್ಲನ್ನೂ ಒಟ್ಟಿಗೆ ನೋಡಿ. ಕೆತ್ತನೆಯ ಅಂಚು ಈಗಲೂ ಚೂಪಾಗಿದೆ. ಕೆಂಪು ಕಲ್ಲಿನ ಮೂಲೆಗಳು ದುಂಡಗಾಗಿವೆ. ಕಟ್ಟಿದವರಿಗೆ ಇದು ಗೊತ್ತಿತ್ತು. ಹೊರಗೆ ಕಾಣಬೇಕಾದ ಕಲ್ಲನ್ನು ಅಷ್ಟು ದೂರದಿಂದ ತರಿಸಿದರು, ಮುಚ್ಚಬೇಕಾದ ಕಲ್ಲನ್ನು ಅಲ್ಲೇ ತೆಗೆದರು. ಬಿಳಿ ಗೋಡೆಯ ಮೇಲೆ ಕಪ್ಪು ಕೆತ್ತನೆ ಹೇಗೆ ಎದ್ದು ಕಾಣುತ್ತಿತ್ತು ಅಂತ ಯೋಚನೆ ಮಾಡಿ. ಈಗ ಕೆಂಪು, ಕಪ್ಪು ಎರಡೂ ಕಲಸಿಹೋಗಿ ಅರ್ಧ ಕೆತ್ತನೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪಣಜಿ_ಗೈಡ್:
ಇದು ಸರಿಯಾದ ಮಾತು. 78 ಅಡಿ ಎತ್ತರದ ಮುಂಭಾಗ ಅದು. ಜನ ಕೆಂಪು ಬಣ್ಣ ನೋಡುತ್ತಾರೆ, ಕೆತ್ತನೆ ನೋಡುವವರು ಕಡಿಮೆ. ಕರಿಗಲ್ಲು ಮಳೆಗೆ ಹೇಗೆ ತಡೆಯುತ್ತದೆ ಅನ್ನುವುದಕ್ಕೆ ತಾಂಬಡಿ ಸುರ್ಲಾದ ಮಹಾದೇವ ದೇವಸ್ಥಾನ ನೋಡಿ. ಕದಂಬರ ಕಾಲದ್ದು, ಘಟ್ಟದ ಬುಡದಲ್ಲಿ, ಮಳೆ ಇನ್ನೂ ಜಾಸ್ತಿ. ಆದರೂ ಕೆತ್ತನೆ ಹಾಗೇ ಇದೆ.

ಫೋಟೋ_ಹುಡುಗಿ:
ಎಲ್ಲಾ ಸರಿ ಸರ್, ಆದರೆ ಒಂದು ಕೇಳ್ತೀನಿ. ನಾನು ಹುಟ್ಟಿದ್ದು ಗೋವಾದಲ್ಲೇ. ನನಗೂ, ನಮ್ಮ ಅಮ್ಮನಿಗೂ ಬಾಮ್ ಜೀಸಸ್ ಅಂದರೆ ಕೆಂಪು. ಪೋಸ್ಟ್‌ಕಾರ್ಡ್, ಫ್ರಿಜ್ ಮೇಲೆ ಅಂಟಿಸುವ ಮ್ಯಾಗ್ನೆಟ್, ಶಾಲೆಯ ಪುಸ್ತಕ, ಎಲ್ಲದರಲ್ಲೂ ಕೆಂಪೇ. ಯುನೆಸ್ಕೊ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಕೆಂಪೇ ಇತ್ತು. ಈಗ ಹೊಸ ಗಾರೆ ಬಳಿದರೆ ಅದು 1605ರದ್ದು ಆಗುತ್ತಾ? ಅದು ಈಗಿನ ಗಾರೆ. ಒಂದು ನಕಲು ಅಷ್ಟೆ. ನೀರು ತಡೆಯುವ ಕೆಮಿಕಲ್ ಸ್ಪ್ರೇ ಮಾಡಿದರೆ ಸಾಲದಾ? ಬಣ್ಣವೂ ಉಳಿಯುತ್ತೆ, ಕಲ್ಲೂ ಉಳಿಯುತ್ತೆ.

ಗೌಂಡಿ_ಬಾದಾಮಿ:
ತಂಗೀ, ಸ್ಪ್ರೇ ಬಗ್ಗೆ ನಾನು ಹೇಳ್ತೀನಿ. ನಾನು ಬಾದಾಮಿ ಕಡೆಯವನು, ಗೋವಾದಲ್ಲಿ ಗೌಂಡಿ ಕೆಲಸ. ಇಲ್ಲಿನ ಹಳೆ ಬಂಗಲೆಗಳಿಗೆ ಕೈ ಹಾಕಿದವರಿಗೆ ಈ ಕಲ್ಲಿನ ಸ್ವಭಾವ ಗೊತ್ತು. ನೀರು ಬರುವುದು ಬರೀ ಎದುರಿನಿಂದ ಅಲ್ಲ. ಕೆಳಗೆ ನೆಲದಿಂದ ಏರುತ್ತದೆ, ಮೇಲೆ ಚಾವಣಿಯಿಂದ ಇಳಿಯುತ್ತದೆ. ಹೊರಗೆ ಕೆಮಿಕಲ್ ಹೊಡೆದು ಬಾಯಿ ಮುಚ್ಚಿದರೆ ಒಳಗಿನ ನೀರು ಎಲ್ಲಿಗೆ ಹೋಗಬೇಕು? ಕಲ್ಲಿನ ಹಿಂದೆಯೇ ನಿಂತು, ಉಪ್ಪು ಕಟ್ಟಿ, ಒಂದು ದಿನ ಪದರ ಪದರವಾಗಿ ಮುಖವೇ ಉದುರುತ್ತದೆ. ಸಿಮೆಂಟ್ ಗಿಲಾವ್ ಮಾಡಿದರೂ ಇದೇ ಗತಿ. ಹಳೆ ಮನೆಗೆ ಸಿಮೆಂಟ್ ಬಳಿಸಿ ಎರಡು ಮಳೆಗಾಲದಲ್ಲಿ ಗೋಡೆ ಉಬ್ಬಿಸಿಕೊಂಡವರನ್ನು ಕಂಡಿದ್ದೇನೆ.

ಸುಣ್ಣದ ಗಿಲಾವ್ ಬೇರೆ. ಅದು ಉಸಿರಾಡುತ್ತದೆ. ಮಳೆಯಲ್ಲಿ ತಾನು ನೆನೆಯುತ್ತದೆ, ಬಿಸಿಲಿಗೆ ತಾನೇ ಒಣಗುತ್ತದೆ, ಒಳಗಿನ ತೇವವನ್ನೂ ಹೊರಗೆ ಬಿಡುತ್ತದೆ. ಸವೆಯುವುದು ಅದು, ಕಲ್ಲಲ್ಲ. ಮಳೆಗೆ ಕೊಡೆ ಹಿಡಿದ ಹಾಗೆ. ಕೊಡೆ ಹರಿದರೆ ಹೊಸ ಕೊಡೆ ತರಬಹುದು. ನಕಲು ಅಂತೀಯಲ್ಲ, ಸುಣ್ಣ ಯಾವತ್ತೂ ಹೊಸದೇ ಆಗಿರುತ್ತದೆ. 1605ರಲ್ಲಿ ಬಳಿದದ್ದು 1950ರವರೆಗೆ ಹಾಗೇ ಇತ್ತು ಅಂದುಕೊಂಡೆಯಾ? ನಡುವೆ ಎಷ್ಟು ಸಲ ಬಳಿದಿರುತ್ತಾರೋ.

ಫೋಟೋ_ಹುಡುಗಿ:
ಕೊಡೆ ಮಾತು ಒಪ್ಪಿದೆ ಅಣ್ಣಾ. ಆದರೂ ಮನಸ್ಸು ಒಪ್ಪುತ್ತಿಲ್ಲ. ಸೇ ಕೆಥೆಡ್ರಲ್ ಬಿಳಿ, ಪಣಜಿ ಬಿಳಿ, ಊರೂರಿನ ಚರ್ಚ್ ಬಿಳಿ. ಒಂದಾದರೂ ಬೇರೆ ಇರಲಿ ಅಂತ.

ಕುಡ್ಲದ_ಬಾಯಿ:
ನಾನು ಮಂಗಳೂರಿನವಳು, ಮದುವೆಯಾಗಿ ಗೋವಾಕ್ಕೆ ಬಂದವಳು. ನೀವೆಲ್ಲ ಕೆಂಪು, ಬಿಳಿ ಅಂತ ಜಗಳ ಆಡ್ತಿದ್ದೀರಿ. ನಮಗೆ ಅದು ಪೂಜೆ ನಡೆಯುವ ಇಗರ್ಜಿ ಮಕ್ಕಳೇ, ಮ್ಯೂಸಿಯಂ ಅಲ್ಲ. 2020ರಲ್ಲಿ ಲಾಕ್‌ಡೌನ್ ಸಮಯ, ಮಳೆಗಾಲ ಹತ್ತಿರ ಬರುತ್ತಿತ್ತು, ಚಾವಣಿಯಿಂದ ನೀರು ಇಳಿಯುತ್ತದೆ ಅಂತ ಇಗರ್ಜಿಯ ಪಾದ್ರಿಗಳೇ ಬಹಿರಂಗವಾಗಿ ಹೇಳಬೇಕಾಯಿತು. ಆಮೇಲೆ ಚಾವಣಿ ರಿಪೇರಿ ಆಯಿತು. ಅದಕ್ಕೆ ನಾನು ಹೇಳುವುದು, ಮೊದಲು ಹಂಚು ನೋಡಿ, ಆಮೇಲೆ ಗೋಡೆ.

ಒಳಗೆ ಏನೇನಿದೆ ಅಂತ ನೆನಪಿರಲಿ. ಸಂತರ ಬೆಳ್ಳಿಯ ಪೆಟ್ಟಿಗೆ ಮಾಡಿದ್ದು ಗೋವಾದ ಅಕ್ಕಸಾಲಿಗರೇ, 1630ರ ದಶಕದಲ್ಲಿ. ಅದರ ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಫ್ಲಾರೆನ್ಸಿನಿಂದ ಬಂತು. ಮೂರನೇ ಕೋಸಿಮೊ ದೊರೆ ಕೊಟ್ಟದ್ದು, ಫೊಗ್ಗಿನಿ ಎಂಬ ಶಿಲ್ಪಿ ಮಾಡಿದ್ದು. 1698ರಲ್ಲಿ ಇಲ್ಲಿ ಜೋಡಿಸಿದರು. ಸಂತರ ತಲೆಯ ಕೆಳಗಿದ್ದ ದಿಂಬನ್ನು ದೊರೆಗೆ ಕೊಟ್ಟಿದ್ದರಂತೆ, ಅದಕ್ಕೆ ಪ್ರತಿಯಾಗಿ ಇದು ಬಂತಂತೆ. ಒಂದು ದಿಂಬಿಗೆ ಇಷ್ಟು ದೊಡ್ಡ ಉಡುಗೊರೆ! ಇಂಥದ್ದರ ಮೇಲೆ ಹನಿ ಬೀಳುತ್ತದೆ ಅಂದರೆ ಹೊಟ್ಟೆ ಉರಿಯಲ್ವಾ?

ಸಾರಣೆ ವಿಷಯಕ್ಕೆ ಬಂದರೆ, ನನ್ನದು ಬಿಳಿಯ ಕಡೆ. ನಮ್ಮೂರಲ್ಲಿ ಕೆಂಪುಕಲ್ಲಿನ ಮನೆ ಕಟ್ಟಿ ದುಡ್ಡು ಸಾಲದವರು ಸಾರಣೆ ಮಾಡದೆ ಬಿಡುತ್ತಿದ್ದರು. ಸಂತರ ಮನೆಯನ್ನು ಹಾಗೆ ಬಿಟ್ಟಿರುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ವಾಸ್ಕೋ_ವಾಸಿ:
ಬಾಯಿ, ನಮ್ಮ ಮಾವ ಹೇಳಿದ್ದೂ ಅದನ್ನೇ!

ಮಡಗಾಂವ್_ಮೇಷ್ಟ್ರು:
ಫೋಟೋ ತೆಗೆಯುವ ಮಗಳು ಕೇಳಿದ ಪ್ರಶ್ನೆ ಹಗುರ ಅಲ್ಲ. ಕಾಸ್ತ್ರೊ ಮಾಡಿದ್ದೂ ಈಗ ಚರಿತ್ರೆಯೇ. 70 ವರ್ಷ ದಾಟಿದೆ. ಒಂದು ಕಾಲದ ಕೆಲಸವನ್ನು ಇನ್ನೊಂದು ಕಾಲ ಬಂದು ಅಳಿಸುವುದೇ ತಪ್ಪು ಅಂತ ಅವರನ್ನು ಬೈಯುತ್ತೇವೆ. ನಾವೂ ಅದನ್ನೇ ಮಾಡಬಹುದಾ ಅಂತ ಕೇಳಿದರೆ ಉತ್ತರ ಸುಲಭ ಇಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಅವರು ತೆಗೆದದ್ದು ಕಟ್ಟಡದ ರಕ್ಷಣೆ. ನಾವು ಹಾಕುವುದೂ ರಕ್ಷಣೆಯೇ. ಸುಣ್ಣ ಬೇಡ ಅಂತಾದರೆ ನಾಳೆ ತೆಗೆಯಬಹುದು. ಸವೆದ ಕಲ್ಲನ್ನು ವಾಪಸ್ ತರಲು ಆಗಲ್ಲ. ನನಗೆ ಅಷ್ಟು ಸಾಕು.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಸೇ ಕೆಥೆಡ್ರಲ್‌ಗೆ ಎರಡು ಗೋಪುರ ಇದ್ದವು. 1776ರಲ್ಲಿ ಒಂದು ಬಿತ್ತು, ಮತ್ತೆ ಕಟ್ಟಲಿಲ್ಲ. ಗುಡ್ಡದ ಮೇಲಿನ ಸಂತ ಅಗಸ್ಟೀನರ ಚರ್ಚ್ ಇನ್ನೂ ದೊಡ್ಡ ಪಾಠ. 1835ರಲ್ಲಿ ಸನ್ಯಾಸಿಗಳನ್ನು ಹೊರಗೆ ಹಾಕಿ ಅದನ್ನು ಕೈಬಿಟ್ಟರು. 1842ರಲ್ಲಿ ಕಮಾನಿನ ಚಾವಣಿ ಕುಸಿಯಿತು. ಗಂಟೆಯನ್ನು 1871ರಲ್ಲಿ ಪಣಜಿಗೆ ಸಾಗಿಸಿದರು, ಅಲ್ಲಿನ ಚರ್ಚಿನ ಮೇಲೆ ಈಗಲೂ ಬಾರಿಸುವುದು ಅದನ್ನೇ. 1931ರಲ್ಲಿ ಮುಂಭಾಗ ಮತ್ತು ಗೋಪುರದ ಅರ್ಧ ಬಿತ್ತು. 46 ಮೀಟರ್ ಎತ್ತರದ ಗೋಪುರ ಅದು. ಉಳಿದ ತುಂಡು ಕೆಂಪು ಕಲ್ಲೇ. ಚಾವಣಿ ಹೋದಮೇಲೆ ಈ ಕಲ್ಲಿಗೆ ನೂರು ವರ್ಷ ಕೂಡ ತಡೆಯುವ ಶಕ್ತಿ ಇರಲಿಲ್ಲ.

ಅಗ್ವಾದ_ಹತ್ತಿರ:
ಆಯ್ತು ಮೇಷ್ಟ್ರೇ, ಬಳಿಯಬೇಕು ಅಂತಲೇ ಇಟ್ಟುಕೊಳ್ಳೋಣ. ಯಾರು ಬಳಿಯುವವರು? ಕಟ್ಟಡ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಪೂಜೆ ಆರ್ಚ್‌ಡಯೋಸಿಸ್‌ನವರದ್ದು, ಯುನೆಸ್ಕೊ ಮೇಲಿಂದ ನೋಡುತ್ತಿರುತ್ತದೆ. ಮೂರು ಜನರ ಮನೆಯಲ್ಲಿ ಅಡಿಗೆ ಆಗೋದು ಯಾವಾಗ?

ಪಣಜಿ_ಗೈಡ್:
ಅದೇ ದೊಡ್ಡ ತೊಡಕು. ಗಾರೆ ಮತ್ತೆ ಬೇಕು ಅಂತ ಚರ್ಚಿನ ಕಡೆಯಿಂದಲೇ ಮಾತು ಎದ್ದಿದೆ. ಬೇಡ ಅನ್ನುವವರಲ್ಲೂ ಕ್ಯಾಥೊಲಿಕರು ಇದ್ದಾರೆ, ನಮ್ಮ ಫೋಟೋ ಹುಡುಗಿಯ ಹಾಗೆ ಕೆಂಪು ನೋಡಿ ಬೆಳೆದವರು. ನನ್ನ ಸಲಹೆ, ಹಿಂದಿನ ಕಡೆ ಒಂದು ಗೋಡೆಗೆ ಮಾತ್ರ ಮೊದಲು ಬಳಿದು ಎರಡು ಮೂರು ಮಳೆಗಾಲ ನೋಡಲಿ. ಜನರೂ ನೋಡಲಿ. ಬಿಳಿಯೇ ಆಗಬೇಕು ಅಂತಲೂ ಇಲ್ಲ, ಸುಣ್ಣಕ್ಕೆ ಕೆಂಪು ಮಣ್ಣು ಬೆರೆಸಿದರೆ ಬಣ್ಣವೂ ಉಳಿಯುತ್ತದೆ.

ವಸಯಿ_ಕನ್ನಡಿಗ:
ಕೆಂಪು ಗಾರೆ ಬೇಡ ಗುರುಗಳೇ. ಅದು ನಿಜವಾದ ನಕಲು. ಕಲ್ಲೂ ಅಲ್ಲ, ಸುಣ್ಣವೂ ಅಲ್ಲ. ಬಳಿದರೆ ಬಿಳಿ ಬಳಿಯಲಿ, ನಮ್ಮ ವಸಯಿಯ ಕರಿಗಲ್ಲು ಎದ್ದು ಕಾಣಲಿ.

ಫೋಟೋ_ಹುಡುಗಿ:
ಹಿಂದಿನ ಗೋಡೆಯ ಪರೀಕ್ಷೆಗೆ ನನ್ನ ಓಟು ಇದೆ. ಮುಂದಿನ ಗೋಡೆಗೆ ಈಗಲೇ ಇಲ್ಲ.

ಗೌಂಡಿ_ಬಾದಾಮಿ:
ಬಳಿಯುವುದು ಅಂದರೆ ಚೀಲ ಹರಿದು ಕಲಸಿದ ಹಾಗಲ್ಲ. ಸುಣ್ಣ ಸುಟ್ಟು, ನೀರು ಹಾಕಿ, ವಾರಗಟ್ಟಲೆ ಗುಂಡಿಯಲ್ಲಿ ಕೊಳೆಹಾಕಬೇಕು. ಇಲ್ಲಿ ಕರಾವಳಿಯಲ್ಲಿ ಚಿಪ್ಪು ಸುಟ್ಟ ಸುಣ್ಣವೂ ಇದೆ. ಹಳೆ ಕಾಲದವರು ಗಾಣದಲ್ಲಿ ಎತ್ತು ಕಟ್ಟಿ ಅರೆಯುತ್ತಿದ್ದರು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಈಗಲೂ ಹಳೆ ಸ್ಮಾರಕಗಳ ರಿಪೇರಿಗೆ ಹಾಕುತ್ತಾರೆ. ತೆಳ್ಳಗೆ ಒಂದೊಂದೇ ಪದರ. ಒಂದು ಪದರ ಸರಿಯಾಗಿ ಕೂತ ಮೇಲೆ ಇನ್ನೊಂದು. ದಪ್ಪಗೆ ಒಂದೇ ಸಲ ಹೊಡೆದರೆ ಬಿರುಕು ಗ್ಯಾರಂಟಿ. ಕರಣಿ ಹಿಡಿದವರೆಲ್ಲ ಇದನ್ನು ಮಾಡಲಾರರು. ಸಿಮೆಂಟಿನಲ್ಲಿ ಬೆಳೆದ ಹುಡುಗರಿಗೆ ಇಷ್ಟು ತಾಳ್ಮೆ ಇರಲ್ಲ, ಗುತ್ತಿಗೆದಾರರಿಗೆ ಅದಕ್ಕಿಂತ ಕಡಿಮೆ.

ಮಳೆಯಲ್ಲಿ ಮಾಡುವ ಹಾಗಿಲ್ಲ. ಏಪ್ರಿಲ್, ಮೇ ಬಿಸಿಲಿಗೂ ಆಗಲ್ಲ, ಮೇಲೆ ಬೇಗ ಒಣಗಿ ಒಳಗೆ ಹಸಿ ಉಳಿಯುತ್ತದೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ, ಅಷ್ಟೇ ಸಮಯ.

ಕುಡ್ಲದ_ಬಾಯಿ:
ಅಯ್ಯೋ, ಅದೇ ನಮ್ಮ ಹಬ್ಬದ ಸಮಯ ಅಲ್ವಾ! ನವೆಂಬರ್ 24ಕ್ಕೆ ನೊವೆನಾ, ಒಂಬತ್ತು ದಿನದ ಪ್ರಾರ್ಥನೆ, ಶುರು, ಡಿಸೆಂಬರ್ 3ಕ್ಕೆ ಫೆಸ್ತ್. ಬೆಳಗಾವಿ, ಕಾರವಾರ ಕಡೆಯಿಂದ ನಡೆದು ಬರುವವರೂ ಇದ್ದಾರೆ. ಆಮೇಲೆ ಕ್ರಿಸ್ಮಸ್. ಬೊಂಬು ಕಟ್ಟಿದ ಗೋಡೆ ಮುಂದೆ ಅಷ್ಟು ಜನರನ್ನು ಎಲ್ಲಿ ಕೂರಿಸುವುದು?

ಮಡಗಾಂವ್_ಮೇಷ್ಟ್ರು:
ಸಂತರ ದರ್ಶನ ಹತ್ತು ವರ್ಷಕ್ಕೊಮ್ಮೆ. ಕಳೆದದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಆಯಿತು. ಅದೇ ಲೆಕ್ಕದಲ್ಲಿ ಮುಂದಿನದು 2034ಕ್ಕೆ. ಅದಕ್ಕೆ ಮೊದಲು ಮುಗಿಸಬೇಕಾದರೆ ಹಿಂದಿನ ಗೋಡೆಯ ಪರೀಕ್ಷೆ ಬೇಗ ಶುರುವಾಗಬೇಕು.

ಗೌಂಡಿ_ಬಾದಾಮಿ:
ಬಾಯಿ, ಫೆಸ್ತ್ ಮುಗಿಯಲಿ, ಕ್ರಿಸ್ಮಸ್ಸೂ ಮುಗಿಯಲಿ. ಜನವರಿ, ಫೆಬ್ರವರಿ ಎರಡು ತಿಂಗಳು ಕೊಟ್ಟರೂ ವರ್ಷಕ್ಕೆ ಒಂದು ಕಡೆ ಗೋಡೆ ಆಗುತ್ತದೆ. ಗೋಣಿತಾಟು ನೆನೆಸಿ ಹೊದಿಸಬೇಕು, ದಿನಕ್ಕೆ ಎರಡು ಸಲ ನೀರು ಹೊಡೆಯಬೇಕು. ಕೆಳಗಿನ ಸಾಲಿನ ಸವೆದ ಕಲ್ಲುಗಳನ್ನು ಮೊದಲು ಬದಲಿಸಬೇಕು, ಅದನ್ನು ನವೆಂಬರ್ ಒಳಗೆ ಮಾಡಿಕೊಳ್ಳಬಹುದು, ಅದಕ್ಕೆ ಎತ್ತರದ ಬೊಂಬು ಬೇಡ. ಕಲ್ಲು ಕೋರೆಯಿಂದ ತಂದ ಕೂಡಲೇ ಹಚ್ಚಬಾರದು, ಒಂದು ಮಳೆಗಾಲ ಹೊರಗಿಟ್ಟು ನೋಡಬೇಕು. ಕರಗುವುದು ಅಲ್ಲೇ ಕರಗಲಿ.